ಬೀಸುವ ಹಾಡಿನ ಕೊನೆಯ ನುಡಿ

ಮೇಷ್ಟ್ರೇ,

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಶಿಡ್ಲಘಟ್ಟದ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಓದು ಬಿಟ್ಟವಳು ನಾನು. ಒತ್ತಕ್ಷರ ಬಿಟ್ಟುಹೋಗಿದ್ದರೆ, ದೀರ್ಘ ಎಳೆಯುವ ಕಡೆ ಎಳೆಯದಿದ್ದರೆ, ನೀವೇ ಸರಿ ಮಾಡಿಕೊಂಡು ಓದಿ. ನಿಮಗೆ ಕನ್ನಡ ಓದಲು ಬರುವುದಿಲ್ಲ ಎನ್ನುವುದೇ ಇಷ್ಟು ದಿನ ನನ್ನ ಧೈರ್ಯವಾಗಿತ್ತು. ನೀವು ಈಗ ಇರುವ ಕಡೆ ಎಲ್ಲ ಭಾಷೆಯೂ ಎಲ್ಲರಿಗೂ ಬರುತ್ತದಂತೆ, ನಮ್ಮ ಯಜಮಾನರು ಹೇಳುತ್ತಾರೆ. ಹಾಗಿದ್ದರೆ ನನ್ನ ತಪ್ಪುಗಳೂ ಕಾಣುತ್ತವಲ್ಲ? ಕಾಣಲಿ. ಇವತ್ತು ನಾಚಿಕೊಂಡು ಕೂರುವುದಿಲ್ಲ ಎಂದು ತೀರ್ಮಾನ ಮಾಡಿಯೇ ಅಡುಗೆಮನೆಯ ಮೇಜಿಗೆ ಬಂದಿದ್ದೇನೆ.

ಪತ್ರದ ತಲೆಯಲ್ಲಿ ನಿಮ್ಮ ಹೆಸರಿಲ್ಲ. ಅದು ನಿಮಗೆ ಹೊಸದಲ್ಲ. ನಮ್ಮಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಗಂಡನನ್ನಂತೂ ಇಲ್ಲವೇ ಇಲ್ಲ. ನಿಮ್ಮೂರಿನಲ್ಲಿ ಪೋಸ್ಟ್‌ಮ್ಯಾನ್, ಪಾದ್ರಿ, ಎದುರು ಮನೆಯ ಮಗು ಎಲ್ಲರೂ ನಿಮ್ಮನ್ನು ಹೆಸರಿನಿಂದಲೇ ಕೂಗುತ್ತಿದ್ದರು. ನಾನೊಬ್ಬಳು ಮೇಷ್ಟ್ರೇ ಎನ್ನುತ್ತಿದ್ದೆ. "ನಿಮ್ಮ ಮನೇಲಿ ಯಾರಿಗೂ ಹೆಸರೇ ಇಲ್ವಾ?" ಎಂದು ನಿಮ್ಮ ಮಗಳು ನೋರಾ ಎಷ್ಟು ಸಲ ನಕ್ಕಳೋ. ಆ ಒಂದು ಹೆಸರಿನಿಂದಲೇ ನಿಮ್ಮ ಕೊನೆಯ ಸಿನಿಮಾ ಅರ್ಧಕ್ಕೆ ನಿಂತಿತು. ಅದು ಏನಾಯಿತು ಎಂದು ಹೇಳುವುದಕ್ಕೇ ಈ ಪತ್ರ.

ನಿಮ್ಮನ್ನು ಮೊದಲು ಕಂಡದ್ದು ನಮ್ಮೂರಿಂದ ಕಡಲಾಚೆಯ ಈ ಕಾರ್ಕ್‌ನಲ್ಲಿ, ನಮ್ಮ ಯಜಮಾನರು ದೋಸೆ ಹುಯ್ಯುವ ಹೋಟೆಲಿನ ಅಡುಗೆಮನೆಯಲ್ಲಿ. ಮಗಳು ಚಿನ್ನಿಯನ್ನು ಶಾಲೆಗೆ ಬಿಟ್ಟು, ಇವರು ಮರೆತುಬಂದಿದ್ದ ಫೋನು ಕೊಡಲು ನಾನು ಹಿಂಬಾಗಿಲಿಗೆ ಬಂದಿದ್ದೆ. ಒಳಗೆ ಗ್ರೈಂಡರ್ ತಿರುಗುತ್ತಿತ್ತು. ಅದರ ಮುಂದೆ ನೀವು ಕಣ್ಣು ಮುಚ್ಚಿಕೊಂಡು ನಿಂತಿದ್ದಿರಿ. ಬಿಳಿ ಕೂದಲು, ಉದ್ದನೆಯ ಕೋಟು, ಹೆಗಲಲ್ಲಿ ಕ್ಯಾಮೆರಾದ ಚೀಲ.

"ಯಾರ್ರೀ ಇವ್ರು?" ಎಂದು ಪಿಸುಗುಟ್ಟಿದೆ.

"ಪಿಟೀಲಿನೋರು ಕಣೇ. ಸಿನಿಮಾನೂ ತೆಗೀತಾರಂತೆ, ಕೈಕೆಲಸದ ಮೇಲೆ. ಬಂದಾಗಿಂದ ಹಿಂಗೇ ನಿಂತವ್ರೆ. ನಿದ್ದೆ ಹೋದ್ರೋ ಏನೋ."

ನೀವು ನಿದ್ದೆ ಹೋಗಿರಲಿಲ್ಲ. ಯಾವ ಜಾಗಕ್ಕೆ ಹೋದರೂ ಮೊದಲು ಕಿವಿ, ಆಮೇಲೆ ಕಣ್ಣು, ಕೊನೆಗೆ ಕ್ಯಾಮೆರಾ ಎನ್ನುವುದು ನಿಮ್ಮ ಪದ್ಧತಿ ಎಂದು ನನಗೆ ಆಗ ಗೊತ್ತಿರಲಿಲ್ಲ. ಕಣ್ಣು ಬಿಟ್ಟವರೇ, "ಈ ಯಂತ್ರ ಬರೋಕೆ ಮುಂಚೆ ಏನಿತ್ತು?" ಎಂದು ಕೇಳಿದಿರಿ. ನೀವು ಕೇಳಿದ್ದು ಇಂಗ್ಲಿಷಿನಲ್ಲಿ. ನನಗೆ ತಿಳಿದಷ್ಟನ್ನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ. ಇವರು ಸೌಟಿನಿಂದ ನನ್ನ ಕಡೆ ತೋರಿಸಿದರು. ಅಜ್ಜಿಯ ಜೊತೆ ಕೂತು ಕಲ್ಲು ಬೀಸಿದವಳು ಇವಳೇ, ಇವಳನ್ನೇ ಕೇಳಿ ಎಂದರು. ನಾನು ಬಾಗಿಲ ಹಿಂದೆ ಅರ್ಧ ಅಡಗಿಕೊಂಡೇ ಹೇಳಿದೆ: ನಮ್ಮೂರಿನಲ್ಲಿ ಹಿಟ್ಟಿನ ಗಿರಣಿ ಇದ್ದರೂ ಎಳೆಯ ಮಕ್ಕಳಿಗೆ ಕೊಡುವ ರಾಗಿ ಸರಿಹಿಟ್ಟನ್ನು ಮಾತ್ರ ಅಜ್ಜಿ ಕಲ್ಲಿನಲ್ಲೇ ಬೀಸುತ್ತಿದ್ದಳು, ಬೀದಿಯ ಬಾಣಂತಿಯರೆಲ್ಲ ಅವಳ ಹತ್ತಿರವೇ ಬರುತ್ತಿದ್ದರು. "ಬೀಸುವಾಗ ಹಾಡ್ತಿದ್ರಾ?" ಎಂದಿರಿ. ನಾನು ನೆಲ ನೋಡಿದೆ. "ನೋಡಿ, ಹಾಡ್ತಿದ್ರು," ಎಂದು ನೀವೇ ಉತ್ತರ ಹೇಳಿಕೊಂಡು ಗ್ರೈಂಡರಿಗೆ ಒಂದು ನಮಸ್ಕಾರ ಹಾಕಿದಿರಿ.

ನೀವು ಕರೆದಿರೆಂದು ಒಂದು ಭಾನುವಾರ ಮಧ್ಯಾಹ್ನ ನಿಮ್ಮ ಮನೆಗೆ ಬಂದೆವು. ನಾವಿರುವ ಹಾಲಿಹಿಲ್‌ನಿಂದ ಪೇಟೆಗೊಂದು ಬಸ್ಸು, ಅಲ್ಲಿಂದ ನಿಮ್ಮೂರು ರಿಂಗಾಸ್ಕಿಡಿಗೆ ಇನ್ನೊಂದು. ನಿಮ್ಮ ಅಡುಗೆಮನೆಯ ಕಿಟಕಿಯಲ್ಲಿ ಔಷಧಿ ಕಾರ್ಖಾನೆಯ ಕೊಳವೆಗಳು, ಅವುಗಳ ಪಕ್ಕ ಒಂದು ಬೀದಿಯಷ್ಟು ಉದ್ದದ ಹಡಗು. ಒಳಗೆ ನಿಮ್ಮ ಸ್ನೇಹಿತರು ಗೋಡೆಗೆ ಒರಗಿ ಕೂತು ನುಡಿಸುತ್ತಿದ್ದರು. ಕೊಳಲು ಊದುವವನು ಪಾಳಿ ಮುಗಿಸಿ ಕಾರ್ಖಾನೆಯ ಬೂಟಿನಲ್ಲೇ ಬಂದಿದ್ದ. ಒಬ್ಬೊಬ್ಬರ ಸರದಿ ಬಂದು ನನ್ನ ಸರದಿಯೂ ಬಂತು. "ಗೋ ಆನ್ ಮ್ಯಾಮ್, ಇಟ್ಸ್ ಗ್ರ್ಯಾಂಡ್, ಲೈಕ್," ಎಂದಳು ಚಿನ್ನಿ, ಈ ಊರಿನಲ್ಲೇ ಹುಟ್ಟಿದವಳು, ಅವಳಿಗೇನು. ನಾನು ನೆಲವನ್ನೇ ನೋಡುತ್ತ ಅಜ್ಜಿಯ ಬೀಸುವ ಹಾಡಿನ ಮೊದಲ ನುಡಿ ಹಾಡಿದೆ. ಯಾರೂ ಕೆಮ್ಮಲಿಲ್ಲ ಕೂಡ. ಎರಡನೆಯ ನುಡಿ ಎತ್ತಿದಾಗ ಪಕ್ಕದಲ್ಲಿ ಕೂತಿದ್ದ ನೀವು ನನ್ನ ಕೈ ಹಿಡಿದಿರಿ. ಹಿಡಿದು ಮೆಲ್ಲಗೆ ಸುತ್ತಲು ಶುರುಮಾಡಿದಿರಿ.

ನಾನು ಬೆಚ್ಚಿದೆ. ಕೈ ಕಿತ್ತುಕೊಂಡೆ. ಹಾಡು ಅಲ್ಲೇ ತುಂಡಾಯಿತು. ಇವರು ಎದ್ದು ನನ್ನ ಕೋಟು ತಂದರು. "ಮಗೂಗೆ ನಿದ್ದೆ ಬಂದೈತೆ, ಹೊರಡ್ತೀವಿ," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ಐ ಆಮ್ ನಾಟ್!" ಎಂದಳು ಚಿನ್ನಿ. ನಿಮ್ಮ ಮುಖ ಆಗ ಹೇಗಿತ್ತು ಎಂದು ನಾನು ನೋಡಲೇ ಇಲ್ಲ. ಬಸ್ಸಿನಲ್ಲಿ ಇವರು ಬಹಳ ಹೊತ್ತು ಕಿಟಕಿಯ ಆಚೆ ನೋಡುತ್ತಿದ್ದು, "ವಯಸ್ಸಾದೋರು, ಕೆಟ್ಟ ಮನಸ್ಸಿಂದ ಹಿಡಿದಿರಲ್ಲ ಬಿಡು. ಆದ್ರೂ ಯಾಕೆ ಹಿಡೀಬೇಕು?" ಎಂದರು. ಹೌದು, ಯಾಕೆ ಹಿಡಿಯಬೇಕು? ನನಗೂ ಅದೇ...

ಮರುದಿನ ನೀವು ನಮ್ಮ ಬಾಗಿಲಿಗೆ ಬಂದದ್ದು ನೆನಪಿದೆಯೇ? ಟೋಪಿ ಕೈಯಲ್ಲಿ ಹಿಡಿದು ಹೊಸ್ತಿಲಿನ ಆಚೆಯೇ ನಿಂತಿರಿ. ನೋರಾ ಲ್ಯಾಪ್‌ಟಾಪ್ ತೆರೆದು ನಮ್ಮ ಶೂ ಸ್ಟ್ಯಾಂಡಿನ ಮೇಲೆ ಇಟ್ಟಳು. ನೀವು ಬಹಳ ವರ್ಷಗಳ ಹಿಂದೆ ತೆಗೆದ ಚಿತ್ರ. ಒಲೆಯ ಪಕ್ಕ ನಿಮ್ಮ ತಾಯಿ ಕಣ್ಣು ಮುಚ್ಚಿ ಹಾಡುತ್ತಿದ್ದಾರೆ. ನೆರೆಮನೆಯ ರೈತ, ಕೊಳೆ ಹಿಡಿದ ಉಗುರಿನವನು, ಅವರ ಕೈ ಹಿಡಿದು ಮೆಲ್ಲಗೆ ಸುತ್ತುತ್ತಿದ್ದಾನೆ. ಬೇರೇನೂ ಇಲ್ಲ. ಹಾಡು ಮುಗಿದ ಮೇಲೆ ಕೈ ಬಿಟ್ಟು ತನ್ನ ಪೈಪ್ ಹುಡುಕುತ್ತಾನೆ.

"ಹಾಡೋರು ಒಂಟಿ ಆಗ್ಬಾರ್ದು ಅಂತ ನಮ್ಮ ಕಡೆ ಕೈ ಹಿಡೀತೀವಿ," ಎಂದಿರಿ. "ನಿನ್ನ ಕೇಳದೆ ಹಿಡಿದಿದ್ದು ನನ್ನ ದಡ್ಡತನ."

ನಮ್ಮ ಯಜಮಾನರು ಅದನ್ನು ಇನ್ನೊಮ್ಮೆ ಹಾಕಿಸಿಕೊಂಡು ನೋಡಿದರು. ಆಮೇಲೆ ತಮ್ಮ ಕೈಯನ್ನು ಗಾಳಿಯಲ್ಲಿ ಸುತ್ತಿದರು. "ಲೇ ರತ್ನ, ಇದು ಬೀಸೋ ಕಲ್ಲು ಕಣೇ! ಕಲ್ಲೊಂದಿಲ್ಲ ಅಷ್ಟೆ," ಎಂದರು. ಅದು ನನಗೆ ಯಾಕೆ ಹೊಳೆದಿರಲಿಲ್ಲ? ಅಜ್ಜಿ ಆಚೆ, ನಾನು ಈಚೆ, ನಡುವೆ ಕಲ್ಲಿನ ಗೂಟ, ಅದರ ಮೇಲೆ ಅವಳ ಕೈ, ಅವಳ ಕೈಯ ಮೇಲೆ ನನ್ನದು. ನಾವೂ ಕೈ ಹಿಡಿದೇ ಹಾಡಿದವರು. "ಒಳಗ್ ಬನ್ನಿ ಸಾರ್, ಕಾಫಿ ಮಾಡ್ತೀನಿ," ಎಂದು ಇವರು ಬಾಗಿಲು ಪೂರ್ತಿ ತೆರೆದರು.

ನಿಮ್ಮ ಹಿತ್ತಿಲಿನ ಹೂವಿನ ಕುಂಡದ ಕೆಳಗಿದ್ದ ಕಲ್ಲನ್ನು ನೋಡಿ ನಾನು ಕೂಗಿಬಿಟ್ಟ ದಿನ ನೀವು ಬೆಚ್ಚಿದಿರಿ. ನಿಮ್ಮ ಅಜ್ಜಿ ಓಟ್ಸ್ ಬೀಸುತ್ತಿದ್ದ ಕಲ್ಲು! ಎರಡು ಹೋಳೂ ಇದ್ದವು, ಗೂಟ ಮಾತ್ರ ಇರಲಿಲ್ಲ. ನೀವು ಬೇಲಿಯ ಗಿಡದಿಂದ ಒಂದು ಕೊಂಬೆ ಕಡಿದು, ಚಾಕುವಿನಲ್ಲಿ ಕೆತ್ತಿ ಕೂರಿಸಿದಿರಿ. ನಾನು ಇಂಡಿಯನ್ ಅಂಗಡಿಯಿಂದ ರಾಗಿ ತಂದೆ. ನಿಮಗೆ ಚಕ್ಕಳಮಕ್ಕಳ ಹಾಕಲು ಆಗದೆ ಹಾಲು ಕರೆಯುವ ಮಣೆಯ ಮೇಲೆ ಕೂತಿರಿ. ಈ ಸಲ ನಿಮ್ಮ ಕೈ ಗೂಟಕ್ಕೆ ಬಂದಾಗ ನಾನು ಬೆಚ್ಚಲಿಲ್ಲ. "ಜೋರಾಗಿ ತಿರುಗಿಸ್ಬೇಡಿ ಮೇಷ್ಟ್ರೇ, ಹಿಟ್ಟು ಬಿಸಿ ಆಗುತ್ತೆ," ಎಂದು ಗದರಿದೆ ಕೂಡ. ಏನದು ನನ್ನನ್ನು ಕರೆಯೋದು ಎಂದು ಕೇಳಿದಿರಿ. ಪಾಠ ಹೇಳುವವರನ್ನು ಹಾಗೆ ಕರೆಯುತ್ತೇವೆ ಎಂದೆ. ಊರವರು ನಿಮ್ಮ ತಂದೆಯನ್ನೂ ಹೀಗೇ ಕರೆಯುತ್ತಿದ್ದರಂತೆ, ಶಾಲೆಯ ಮೇಷ್ಟ್ರು. "ಅವರು ತುಂಬ ಹೊಡೀತಿದ್ರು," ಎಂದು ನಕ್ಕಿರಿ.

ಬೀಸುತ್ತ ಬೀಸುತ್ತ ನಿಮ್ಮ ಕಥೆ ಹೇಳಿದಿರಿ. ಹಿಟ್ಟು ಇಳಿದ ಹಾಗೆ, ಸ್ವಲ್ಪ ಸ್ವಲ್ಪವೇ. ಪಿಟೀಲು ಕಲಿತದ್ದು ನೆರೆಮನೆಯ ಮುದುಕಿಯ ಹತ್ತಿರ, ಕೋಳಿಗಳಿಗೆ ಕಾಳು ಹಾಕಿದ ಮೇಲೆ ಅವಳು ಪಾಠ ಮಾಡುತ್ತಿದ್ದಳಂತೆ. ಆಮೇಲೆ ಗೆಳೆಯರ ಜೊತೆ ಒಂದು ಹಳೆಯ ವ್ಯಾನು. ಜರ್ಮನಿ, ಫ್ರಾನ್ಸು, ಎಲ್ಲೆಲ್ಲೋ ಕಚೇರಿ. ಜನ ಎದ್ದು ಕುಣಿಯುತ್ತಿದ್ದರು, ರೆಕಾರ್ಡುಗಳು ಬಂದವು, ನಿಮ್ಮ ಚಿತ್ರ ಪೇಟೆಯ ಗೋಡೆಗಳ ಮೇಲೆ ಬಂತು. ನೀವು ನುಡಿಸಿ ಹೆಸರು ಮಾಡಿದ ಮಟ್ಟುಗಳಲ್ಲಿ ಅರ್ಧ ಆ ಮುದುಕಿಯವು. ರೆಕಾರ್ಡಿನ ಹೊದಿಕೆಯ ಮೇಲೆ ಮಾತ್ರ ಅವುಗಳ ಎದುರು ಸಾಂಪ್ರದಾಯಿಕ ಎಂದು ಬರೆದಿತ್ತು. "ಅವಳು ಅದನ್ನ ಓದಿ, ಇದ್ಯಾರಪ್ಪಾ ಸಾಂಪ್ರದಾಯಿಕ, ನಮ್ಮೂರೋನಾ? ಅಂತ ಕೇಳಿದ್ಳಂತೆ," ಎಂದು ನಗುತ್ತಲೇ ಹೇಳಿದಿರಿ. ನಿಮ್ಮ ಕೈ ಗೂಟದ ಮೇಲೆ ನಿಂತುಬಿಟ್ಟಿತ್ತು. ಮುಂದಿನ ರೆಕಾರ್ಡಿನಲ್ಲಿ ಅವಳ ಹೆಸರು ಹಾಕಿಸೋಣ ಎಂದುಕೊಂಡಿದ್ದಿರಂತೆ. ಒಂದು ಪ್ರವಾಸ ಮುಗಿಸಿ ಬರುವಷ್ಟರಲ್ಲಿ...

ಆಗ ನೀವು ಕ್ಯಾಮೆರಾ ಕೊಂಡಿರಿ. ಮುದುಕಿಯ ಮಟ್ಟುಗಳು ಟೇಪಿನಲ್ಲಿ ಉಳಿದಿದ್ದವು, ನುಡಿಸುವಾಗ ಅವಳು ನೆಲ ತಟ್ಟುತ್ತಿದ್ದ ಕಾಲು ಎಲ್ಲೂ ಉಳಿದಿರಲಿಲ್ಲ. ಅದಕ್ಕೇ ನಿಮ್ಮ ಮೊದಲ ಸಿನಿಮಾದಲ್ಲಿ ಬರೀ ಕಾಲುಗಳು, ಅಲ್ಲವೇ? ಊರೂರಿನ ಮುದುಕ ಮುದುಕಿಯರ ಕಾಲು, ಮೇಜಿನ ಕೆಳಗೆ, ಬೆಂಚಿನ ಕೆಳಗೆ, ಚಪ್ಪಲಿಯಲ್ಲಿ, ಬೂಟಿನಲ್ಲಿ, ತೂತುಬಿದ್ದ ಕಾಲುಚೀಲದಲ್ಲಿ. ಟೀವಿಯವರು ಮುಖ ಎಲ್ಲಿ ಎಂದು ಕೇಳಿ ವಾಪಸು ಕಳಿಸಿದರು. ವ್ಯಾನಿನ ಗೆಳೆಯರು ತಲೆ ಕೆಟ್ಟಿದೆ ಎಂದರು. ಎರಡನ್ನೂ ಬಿಡುವುದಿಲ್ಲ ಎಂದು ನೀವು ಹಟ ಹಿಡಿದಿರಿ. ಬೇಸಿಗೆಯಲ್ಲಿ ಪಿಟೀಲು, ಚಳಿಗಾಲದಲ್ಲಿ ಸಿನಿಮಾ. ಹಡಗುಕಟ್ಟೆಯಲ್ಲಿ ಬೀಳ್ಕೊಡುವವರ ಬೆನ್ನುಗಳ ಮೇಲೆ ಒಂದು ಸಿನಿಮಾ. ಅದಕ್ಕೆ ಬಹುಮಾನ ಬಂತು, ಆ ಬಹುಮಾನ ನಿಮ್ಮ ಕೋಳಿಗೂಡಿನ ಬಾಗಿಲು ಗಾಳಿಗೆ ಬಡಿಯದ ಹಾಗೆ ತಡೆದು ನಿಂತಿರುವುದನ್ನು ನಾನೇ ನೋಡಿದ್ದೇನೆ. ಅಷ್ಟು ದೊಡ್ಡ ಸಂಗೀತಗಾರರಾದರೂ ನೀವು ನಿಮ್ಮ ಸಿನಿಮಾಗೆ ಹಿನ್ನೆಲೆ ಸಂಗೀತ ಹಾಕುತ್ತಿರಲಿಲ್ಲ. "ಸಿನಿಮಾ ಒಳಗಿರೋರು ಹಾಡಿದ್ರೆ ಹಾಡು. ಇಲ್ದಿದ್ರೆ ಗಾಳಿ ಸದ್ದು ಸಾಕು," ಎನ್ನುತ್ತಿದ್ದಿರಿ. ಆದರೆ ಕೊನೆಯಲ್ಲಿ ಹೆಸರುಗಳು ಬರುವಾಗ ಮಾತ್ರ ನೀವು ಅವಸರ ಮಾಡುತ್ತಿರಲಿಲ್ಲ. ಯಾರ ಕೈ ಕಂಡಿದೆ, ಯಾರ ಕಾಲು ಕಂಡಿದೆ, ಎಲ್ಲರ ಹೆಸರೂ ಒಂದೊಂದಾಗಿ, ಓದುವಷ್ಟು ಹೊತ್ತು.

ಈ ಬರೆಯುವ ಚಟ ಹಿಡಿಸಿದವರೂ ನೀವೇ. ಹಾಡನ್ನು ಬರೆದುಕೊಡು ಎಂದು ಕೂರಿಸಿದಿರಿ. ನಾನು ಒಂದು ಸಾಲಿಗೆ ನಾಲ್ಕು ಸಲ ಅಳಿಸಿದೆ. ನೀವು ಹಾಳೆಯನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದಿರಿ. "ಒಂದಕ್ಷರ ಗೊತ್ತಾಗಲ್ಲ. ಆದ್ರೆ ಅಳಿಸಿರೋ ಕಡೆ ಎಲ್ಲ ನೀನು ಯೋಚನೆ ಮಾಡಿರೋದು ಕಾಣುತ್ತೆ. ದಿನಾ ಬರಿ." ದಿನಾ ಬರೆದೆ, ಮೇಷ್ಟ್ರೇ. ಅಂಗಡಿಯ ಬಗ್ಗೆ, ಬಸ್ಸಿನ ಬಗ್ಗೆ, ಅಜ್ಜಿಯ ಬಗ್ಗೆ. ನನ್ನಂಥವಳು ಬರೆಯಬಹುದೇ ಎಂದು ನೀವು ಒಮ್ಮೆಯೂ ಕೇಳಲಿಲ್ಲ, ಅದಕ್ಕೇ ನಾನೂ ಕೇಳಿಕೊಳ್ಳಲಿಲ್ಲ.

ಕೈಕೆಲಸದ ಮೇಲಿನ ಆ ಸಿನಿಮಾದ ಕೊನೆಯ ದೃಶ್ಯಕ್ಕೆ ಹಾಡು ಪೂರ್ತಿ ಬೇಕು ಎಂದು ನೀವು ಹೇಳಿದ ದಿನವೇ ತೊಡಕು ಶುರುವಾಯಿತು. ಕ್ಯಾಮೆರಾ ನಮ್ಮ ಕೈಗಳನ್ನು ಮಾತ್ರ ನೋಡುತ್ತದೆ ಎಂದು ನೀವು ಮಾತು ಕೊಟ್ಟಿದ್ದಿರಿ. ನಾವಿಬ್ಬರೂ ಬೀಸಿದೆವು, ನಾನು ಹಾಡಿದೆ. ಕೊನೆಯ ನುಡಿ ಬಂದಾಗ ಬಾಯಿ ಕಟ್ಟಿತು. ಆ ನುಡಿಯಲ್ಲಿ ಜೊತೆಗೆ ಬೀಸಿದವರ ಹೆಸರು ಹಾಕಬೇಕು. ಯಾರ ಕೈಯ ಹಿಟ್ಟು ಎಂದು ಉಣ್ಣುವ ಮಗುವಿಗೆ ತಿಳಿಯಬೇಕಂತೆ. ಹೆಸರು ಹಾಡದ ಹಿಟ್ಟನ್ನು ಅಜ್ಜಿ ಯಾವ ಬಾಣಂತಿಗೂ ಕೊಡುತ್ತಿರಲಿಲ್ಲ. ಆದರೆ ಆ ನುಡಿಯನ್ನು ಯಾವಾಗಲೂ ಅಜ್ಜಿಯೇ ಹಾಡುತ್ತಿದ್ದಳು, ನನ್ನ ಹೆಸರು ಹಾಕಿ. ನಾನು ಒಮ್ಮೆಯೂ ಹಾಡಿದವಳಲ್ಲ. ಹಾಡಿದರೆ ಅಜ್ಜಿಯ ಹೆಸರು ಹೇಳಬೇಕಾಗುತ್ತಿತ್ತಲ್ಲ?

ಇದನ್ನು ನಿಮಗೆ ವಿವರಿಸಿದೆ. ನಿಮ್ಮಲ್ಲೂ ಒಂದು ಮಟ್ಟನ್ನು ಯಾರಿಂದ ಕಲಿತರೋ ಅವರ ಹೆಸರಿನಿಂದಲೇ ಅದನ್ನು ಕರೆಯುವುದುಂಟು ಎಂದಿರಿ. ಹಿರಿಯರೇ ಹಾಡುವುದಾದರೆ ನಾನೇ ಹಾಡುತ್ತೇನೆ ಎಂದು ಆ ನುಡಿಯನ್ನು ಕಲಿಯಲು ಕೂತಿರಿ. ಅಯ್ಯೋ, ನಿಮ್ಮ ಬಾಯಲ್ಲಿ ಕನ್ನಡ! ಚಿನ್ನಿ ಕುರ್ಚಿಯಿಂದ ಜಾರಿ ಬೀಳುವಷ್ಟು ನಕ್ಕಳು.

"ಜಸ್ಟ್ ಸೇ ಹಿಸ್ ನೇಮ್, ಮ್ಯಾಮ್. ಇಟ್ಸ್ ಓನ್ಲಿ ಎ ನೇಮ್, ಲೈಕ್," ಎಂದಳು.

"ಸುಮ್ನಿರೇ, ದೊಡ್ಡೋರನ್ನ ಹಂಗೆಲ್ಲ ಕರೀಬಾರ್ದು," ಎಂದೆ.

ಕೊನೆಗೆ ನೀವು ಆ ಪ್ರಯತ್ನ ಬಿಟ್ಟು ಮೈಕು ಆರಿಸಿದಿರಿ. ಕಲ್ಲಿನ ಬಾಯಿಗೆ ಹಾಕಿದ್ದ ರಾಗಿ ಅರ್ಧ ಹಿಟ್ಟಾಗಿ, ಅರ್ಧ ಕಾಳಾಗಿಯೇ ಉಳಿದಿತ್ತು. ಅದರ ಮೇಲೊಂದು ಬಟ್ಟೆ ಹೊದಿಸಿ, "ಯಾರೂ ಮುಟ್ಬೇಡಿ. ಇವಳಿಗೆ ಬಾಯಿ ಬಂದ ದಿನ ಮುಂದುವರಿಸ್ತೀವಿ. ಅವಸರ ಇಲ್ಲ, ಗ್ರ್ಯಾಂಡ್," ಎಂದಿರಿ. ಅವಸರ ಇಲ್ಲ ಎಂದು ಯಾಕೆ ಹೇಳಿದಿರಿ, ಮೇಷ್ಟ್ರೇ?

ನೀವು ಕಾಯಿಲೆ ಬಿದ್ದಿರಿ. ಆಸ್ಪತ್ರೆಗೆ ನಿಮ್ಮನ್ನು ನೋಡಲು ಬಂದಾಗ ವಾರ್ಡಿನಲ್ಲಿದ್ದ ಡಾಕ್ಟರು ನಮ್ಮ ಮೈಸೂರಿನವರು. ಅವರು ಬಂದು ಹೇಗಿದ್ದೀರಿ ಎಂದರೆ, ನಾನು ಕಲಿಸಿದ್ದ "ಚೆನ್ನಾಗಿದ್ದೀನಿ" ಎನ್ನುವುದನ್ನು ನೀವು ಹೇಳಿ, ಅವರು ನಗುವವರೆಗೂ ಬಿಡುತ್ತಿರಲಿಲ್ಲವಂತೆ. ಚೆನ್ನಾಗಿರಲಿಲ್ಲ. ಕೈ ಹಗುರವಾಗಿಬಿಟ್ಟಿತ್ತು. ನಾನೇ ಅದನ್ನು ಹಿಡಿದೆ. ಹಿಡಿದು ಏನು ಮಾಡಬೇಕೋ ತೋಚದೆ ಮೆಲ್ಲಗೆ ಸುತ್ತಿದೆ. ನೀವು ಕಣ್ಣು ಮುಚ್ಚಿಕೊಂಡೇ, "ಹಾಡು ಇಲ್ಲ, ಬರೀ ಕಲ್ಲು," ಎಂದಿರಿ. ತಮಾಷೆಯೋ, ದೂರೋ? ಅಲ್ಲೇ ಹಾಡಿಬಿಡಬಹುದಿತ್ತು. ಪಕ್ಕದ ಹಾಸಿಗೆಯವರು ನೋಡುತ್ತಿದ್ದರು, ನಾನು...

ನೀವು ಹೋದ ಮೇಲೆ ನಿಮ್ಮನ್ನು ಮನೆಯಲ್ಲಿ ಮಲಗಿಸಿದ್ದ ದಿನ ಊರೆಲ್ಲ ಬಂದಿತ್ತು. ನಮ್ಮ ಕಡೆ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅದಕ್ಕೆ ಇವರು ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ ಮಾಡಿ ಬಸ್ಸಿನಲ್ಲಿ ಹೊತ್ತುತಂದರು. ನಿಮ್ಮ ಮನೆಯಲ್ಲಿ ನೋಡಿದರೆ ಅಡುಗೆಮನೆಯ ತುಂಬ ನೆರೆಯವರು ತಂದ ಸ್ಯಾಂಡ್‌ವಿಚ್, ನಿಲ್ಲದ ಚಹಾ, ಮಾತು, ನಗು. ಇವರಿಗೆ ಮೊದಲು ಗಾಬರಿ. ಆಮೇಲೆ ಕೊಳಲಿನವನು ಮೂರನೆಯ ಸಲ ಚಿತ್ರಾನ್ನ ಹಾಕಿಸಿಕೊಂಡಾಗ, "ಮೇಷ್ಟ್ರಿಗೆ ಖುಷಿ ಆಗಿರುತ್ತೆ ಬಿಡು," ಎಂದರು. ನಿಮ್ಮ ಪೆಟ್ಟಿಗೆಯ ಸುತ್ತ ಕೂತು ಎಲ್ಲರೂ ನುಡಿಸಿದರು. ಹಾಡುತ್ತೀಯಾ ಎನ್ನುವ ಹಾಗೆ ನೋರಾ ನನ್ನನ್ನು ನೋಡಿದಳು. ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ. ನಿಮ್ಮ ಕಾಲಿನ ಹತ್ತಿರ ಆ ಕಲ್ಲು ಹಾಗೇ ಬಟ್ಟೆ ಹೊದ್ದು ಕೂತಿತ್ತು.

ನೋರಾಳ ಫೋನು ಬಂದಾಗ ನಾನು ಬಟ್ಟೆ ಒಣಗಿಸುತ್ತಿದ್ದೆ. ಸಿನಿಮಾವನ್ನು ಅವಳೇ ಕೂತು ಜೋಡಿಸಿದ್ದಾಳೆ. ನೀವು ಹೋಗಿ ತಿಂಗಳಾಗುವ ಶನಿವಾರ ಚರ್ಚಿನಲ್ಲಿ ಪ್ರಾರ್ಥನೆ, ಸಂಜೆ ಪಕ್ಕದ ಹಾಲ್‌ನಲ್ಲಿ ಸಿನಿಮಾ. ನಮ್ಮಲ್ಲೂ ತಿಂಗಳಿಗೆ ಮಾಸಿಕ ಮಾಡುತ್ತೇವೆ ಎಂದೆ. ಆಮೇಲೆ ಅವಳು ತಡವರಿಸಿದಳು. ಹಾಡು ಅರ್ಧಕ್ಕೆ ನಿಂತರೆ ಸಿನಿಮಾವೂ ಅರ್ಧಕ್ಕೆ ನಿಂತ ಹಾಗಿದೆ. ಡಬ್ಲಿನ್ನಿನ ಕ್ಲಾಂಡಾಲ್ಕಿನ್‌ನಲ್ಲಿ ಒಬ್ಬ ಎಂಜಿನಿಯರರ ಹೆಂಡತಿ ಇದ್ದಾರಂತೆ, ಬೆಂಗಳೂರಿನಲ್ಲಿ ಸಂಗೀತ ಕಲಿತವರು, ಸ್ಟುಡಿಯೋದಲ್ಲಿ ಕೊನೆಯ ನುಡಿ ಹಾಡಿಕೊಡಲು ಒಪ್ಪಿದ್ದಾರೆ. ನಿನ್ನ ಕೈಯ ಚಿತ್ರ, ಅವರ ದನಿ. ನಿನಗೆ ಕಷ್ಟ ಕೊಡುವುದಿಲ್ಲ ಎಂದಳು.

"ಒಳ್ಳೇದೇ ಆಯ್ತಲ್ಲ," ಎಂದರು ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದ ಇವರು. "ಅವ್ರು ಕಲಿತೋರು. ನೀನ್ಯಾಕೆ ಒದ್ದಾಡ್ತೀಯ?"

ನಿಜ. ಅವರ ದನಿ ನನ್ನದಕ್ಕಿಂತ ಚೆನ್ನಾಗಿಯೇ ಇರುತ್ತದೆ. ಆದರೆ ಅವರು ನಿಮ್ಮ ಎದುರು ಕೂತು ಬೀಸಿದವರೇ? ಆ ಅರ್ಧ ಹಿಟ್ಟು ಯಾರ ಕೈಯದು ಎಂದು ಅವರಿಗೇನು ಗೊತ್ತು? ಸಿನಿಮಾ ಒಳಗಿರೋರು ಹಾಡಿದ್ರೆ ಹಾಡು ಎಂದವರು ನೀವು. ಆ ಮುದುಕಿಯ ಹೆಸರನ್ನು ಮುಂದಿನ ರೆಕಾರ್ಡಿಗೆ ಎಂದು ಮುಂದಕ್ಕೆ ಹಾಕಿ ಜೀವನಪೂರ್ತಿ ಅದನ್ನೇ ಹೊತ್ತವರು. ನಾನು ಗೌರವ, ಗೌರವ ಎಂದುಕೊಂಡು ನಿಮ್ಮ ಹೆಸರನ್ನು ನುಂಗಿಕೊಂಡರೆ ಆ ಸಿನಿಮಾದಲ್ಲಿ ನಿಮ್ಮ ಕೈ ಮಾತ್ರ ಹೆಸರಿಲ್ಲದೆ ಹೋಗುತ್ತದೆ. ಇದು ಎಂಥ ಗೌರವ?

ನೋರಾ ಇನ್ನೂ ಫೋನಿನಲ್ಲೇ ಇದ್ದಳು. ನನಗೆ ಬರುವ ಇಂಗ್ಲಿಷಿನಲ್ಲಿ, ತಿದ್ದಿಕೊಳ್ಳದೆ, "ನೋ. ಐ ಸಿಂಗ್," ಎಂದೆ. "ಬಾ," ಎಂದಳು ಅವಳು.

ಹೋದ ಭಾನುವಾರ ನಿಮ್ಮ ಅಡುಗೆಮನೆಯಲ್ಲಿ ಕಲ್ಲಿನ ಮೇಲಿನ ಬಟ್ಟೆ ತೆಗೆದೆ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ನೋರಾ ನಿಮ್ಮ ಮಣೆಯ ಮೇಲೆ ಕೂತಳು. ಮೈಕು ನೋಡಿಕೊಳ್ಳುವವರು ಬೇಕಿತ್ತು. ಕಿವಿಗೆ ಹಾಕಿಕೊಳ್ಳುವುದನ್ನು ಇವರಿಗೆ ಕೊಟ್ಟಳು. ಇವರು ಅದನ್ನು ಹಾಕಿಕೊಂಡು, ಯಾರೂ ಹೇಳದೆಯೇ, ಕಣ್ಣು ಮುಚ್ಚಿ ನಿಂತರು. ಗಾಳಿ, ದೂರದ ಹಡಗು, ಗಡಿಯಾರ. "ಈಸ್ ಡ್ಯಾಡ್ ಅಸ್ಲೀಪ್?" ಎಂದು ಚಿನ್ನಿ ಕೇಳಿದಳು. ಯಾರೂ ನಗಲಿಲ್ಲ. ಇವರು ಕಣ್ಣು ಬಿಟ್ಟು ತಲೆಯಾಡಿಸಿದ ಮೇಲೆ ನಾನು ಗೂಟ ಹಿಡಿದೆ.

"ಕಷ್ಟ ಆದ್ರೆ ನನ್ನ ಹೆಸರು ಹಾಕು," ಎಂದು ನೋರಾ ಪಿಸುಗುಟ್ಟಿದಳು. "ಎದುರಿಗೆ ಕೂತಿರೋಳು ನಾನೇ ತಾನೆ? ಚಿಕ್ಕ ಹೆಸರು, ಸುಲಭ."

ಸುಲಭವೇ ಆಗಿತ್ತು. ಓರಗೆಯವಳು, ಹೆಸರು ಹಿಡಿದೇ ಕರೆಯುವವಳು. ಯಾರೂ ತಪ್ಪು ಎನ್ನುತ್ತಿರಲಿಲ್ಲ. ಆದರೆ ಕಲ್ಲು ತಿರುಗಿ ಮೊದಲು ಅಂಚಿಗೆ ಬಂದದ್ದು ಆ ಹಳೆಯ ಹಿಟ್ಟು, ನೀವು ಬೀಸಿದ್ದು. ಹೊಸ ಹಿಟ್ಟು ಅದರ ಹಿಂದೆ ಬಂದು ಸೇರಿಕೊಂಡಿತು. ಯಾವುದು ಯಾರದು ಎಂದು ಇನ್ನು ಬೇರೆ ಮಾಡಲು ಆಗುವುದಿಲ್ಲ. ನಾನು ಮೊದಲ ನುಡಿಯಿಂದ ಹಾಡಿದೆ. ಈ ಸಲ ನೆಲ ನೋಡಲಿಲ್ಲ. ಕೊನೆಯ ನುಡಿ ಬಂತು. ಮೊದಲು ನೋರಾಳ ಹೆಸರು ಹಾಕಿದೆ, ಆಮೇಲೆ ಕಲ್ಲು ಇನ್ನೊಂದು ಸುತ್ತು ಬರುವವರೆಗೆ ರಾಗ ಎಳೆದು, ನಿಮ್ಮ ಹೆಸರು ಹಾಕಿದೆ. ಆ ಜಾಗದಲ್ಲಿ ಅಜ್ಜಿ ನನ್ನ ಹೆಸರನ್ನು ಎಳೆಯುತ್ತಿದ್ದಷ್ಟೇ ಎಳೆದೆ. ದನಿ ಒಡೆಯಿತು, ಮೇಷ್ಟ್ರೇ. ಒಡೆದರೂ ನಿಲ್ಲಿಸಲಿಲ್ಲ. ಕಲ್ಲೂ ತಿರುಗುತ್ತಲೇ ಇತ್ತು.

ಮುಗಿದ ಮೇಲೆ ಇವರು ಕಿವಿಯಿಂದ ತೆಗೆದು, "ಸದ್ದು ಚೆನ್ನಾಗಿ ಬಂದೈತೆ," ಎಂದಷ್ಟೇ ಹೇಳಿ ಹಿತ್ತಿಲಿಗೆ ಹೋದರು. ಕೋಳಿಗಳಿಗೆ ಕಾಳು ಹಾಕುತ್ತಿದ್ದಾರೆ ಎಂದು ಚಿನ್ನಿ ಬಂದು ಹೇಳಿದಳು. ಅವಕ್ಕೆ ನೋರಾ ಬೆಳಗ್ಗೆಯೇ ಹಾಕಿದ್ದಳು.

ಇವತ್ತು ಆ ಶನಿವಾರ. ಸಂಜೆ ಹಾಲ್‌ನಲ್ಲಿ ಸಿನಿಮಾ. ಇಷ್ಟು ದಿನ ಎಲ್ಲಿಗೆ ಹೋದರೂ ಬಾಗಿಲ ಹತ್ತಿರದ ಕುರ್ಚಿ ಹುಡುಕುತ್ತಿದ್ದವಳು ನಾನು. ಇವತ್ತು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಯಾರಾದರೂ ಈ ಹಾಡಿನ ಅರ್ಥ ಏನು ಎಂದು ಕೇಳಿದರೆ ಎದ್ದು ನಿಂತು ಹೇಳುತ್ತೇನೆ, ಇಂಗ್ಲಿಷ್ ಮುರಿದರೆ ಮುರಿಯಲಿ. ಬರೆಯುವುದನ್ನೂ ಬಿಡುವುದಿಲ್ಲ. ಅಜ್ಜಿಯ ಬೀದಿಯ ಬಾಣಂತಿಯರು, ಅವರ ಮಕ್ಕಳು, ಒಬ್ಬೊಬ್ಬರನ್ನೂ ಹೆಸರು ಹಾಕಿಯೇ ಬರೆಯುತ್ತೇನೆ. ಅಜ್ಜಿಯ ಹೆಸರನ್ನೂ.

ಬೆಳಗ್ಗೆ ಒಂದು ಸಣ್ಣ ಕೆಲಸ ಮಾಡಿದೆ. ಭಾನುವಾರದ ಹಿಟ್ಟನ್ನು ಜರಡಿ ಹಿಡಿದು ನನ್ನ ಮದುವೆಯಲ್ಲಿ ತವರಿನವರು ಕೊಟ್ಟ ಸ್ಟೀಲ್ ಡಬ್ಬಿಗೆ ತುಂಬಿದೆ. ಕೊಳಲಿನವನ ಮನೆಗೆ ಮೊಮ್ಮಗು ಬಂದಿದೆ, ಗಂಜಿ ಕುಡಿಯುವಷ್ಟು ಬೆಳೆದ ದಿನ ಕೊಡಬೇಕು. ನಮ್ಮ ಕಡೆ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೊರೆಸುತ್ತಾರೆ. ಡಬ್ಬಿಯ ಮೇಲೆ ತವರಿನವರ ಹೆಸರುಗಳಿವೆ, ಕೆಳಗೆ ಜಾಗ ಉಳಿದಿತ್ತು. ಚಿನ್ನಿ ಡಬ್ಬಿಯನ್ನು ಅಲ್ಲಾಡದಂತೆ ಹಿಡಿದುಕೊಂಡಳು, ನಾನು ಮೊಳೆ ತೆಗೆದುಕೊಂಡು ಒಂದೊಂದೇ ಅಕ್ಷರ ಕೊರೆದೆ. ಸೊಟ್ಟಗೆ ಬಂದಿದೆ. ಆದರೂ ಯಾರು ಬೇಕಾದರೂ ಓದಬಹುದು:

ಡೋನಲ್.